ನಡುವಿನ ತಂತಿ

ಶ್ರಾವಣ ಮಾಸದಲ್ಲಿ ದೀಪ ಹಚ್ಚುವ ಹೊತ್ತಾಯಿತೆಂದರೆ ಬೈಲಹೊಂಗಲದ ಅಡತಿ ಅಂಗಡಿಗಳ ಗುಮಾಸ್ತರು ಖಾತೆಯ ಪುಸ್ತಕಗಳನ್ನು ಮಡಿಚಿಟ್ಟು, ಕೈಕಾಲು ತೊಳೆದು, ವಿಭೂತಿ ಧರಿಸಿ ಶ್ರೀಮಠದ ಕಡೆಗೆ ನಡೆಯುತ್ತಿದ್ದ ಕಾಲವೊಂದಿತ್ತು. ಪುರಾಣ ಪ್ರವಚನವು ಆರಂಭವಾಗುವ ಮುನ್ನ ಪಾಠಶಾಲೆಯ ಮಾಳಿಗೆಯ ಮೇಲಿನ ಎರಡು ಹಾರ್ನುಗಳಿಂದ ಮೊದಲು ಒಂದು ಸಣ್ಣ ಗಂಟಲು ಸರಿಪಡಿಕೆ, ಆಮೇಲೆ ಓಂಕಾರ ಕೇಳಿಬರುತ್ತಿದ್ದವು. ಮಠಕ್ಕೆ ಬರಲಾರದ ಮುದುಕಿಯರೂ ಬಾಣಂತಿಯರೂ ತಮ್ಮ ಮನೆಯ ಕಟ್ಟೆಯ ಮೇಲೆಯೇ ಕುಳಿತು ಕೇಳುತ್ತಿದ್ದರು. ಆ ಧ್ವನಿಯು ಅಷ್ಟು ದೂರ ಸಾಗುತ್ತಿದ್ದುದು ಪಾಠಶಾಲೆಯ ಒಂದು ಮೈಕ್ ಸೆಟ್ಟಿನಿಂದ. 1963ರಲ್ಲಿ ಹಳೆಯ ವಿದ್ಯಾರ್ಥಿಯೂ ಹತ್ತಿಯ ವ್ಯಾಪಾರಿಯೂ ಆದ ಒಬ್ಬ ದಾನಿಗಳು ಕೊಡಿಸಿದ 30 ವ್ಯಾಟಿನ ವಾಲ್ವ್ ಆಂಪ್ಲಿಫೈಯರ್ ಅದು. ಬೂದುಬಣ್ಣದ ತಗಡಿನ ಮೈ. ಜಾಲರಿಯ ಹಿಂದೆ ಕೆಂಡದಂತೆ ಬೆಳಗುವ ಗಾಜಿನ ಕೊಳವೆಗಳು. ಇಬ್ಬರು ಹುಡುಗರು ಕೂಡಿದರೂ ಎತ್ತಲು ಏದುಸಿರು ಬಿಡಬೇಕಾದಷ್ಟು ಭಾರ. ಆ ಭಾರದ ಮುಖ್ಯ ಪಾಲು ಅದರ ಒಂದು ಮೂಲೆಯಲ್ಲಿದ್ದ ಟ್ರಾನ್ಸ್‌ಫಾರ್ಮರಿನದು.

ಆ ಸೆಟ್ಟಿನ ಆರೈಕೆಯು ಊರಿನ ‘ರೇಡಿಯೋ ಮಾಸ್ತರ’ರ ಪಾಲಿಗೆ ಬಂದಿತ್ತು. ಹೆಸರಿನಲ್ಲಿ ಮಾಸ್ತರರೇ ಹೊರತು ಅವರು ಯಾವ ಶಾಲೆಯಲ್ಲಿಯೂ ಪಾಠ ಹೇಳಿದವರಲ್ಲ. ಇದೇ ಪಾಠಶಾಲೆಯಲ್ಲಿ ಪ್ರಸಾದ ನಿಲಯದ ಜೋಳದ ರೊಟ್ಟಿಯುಂಡು ಮುಲ್ಕಿ ಪರೀಕ್ಷೆಯವರೆಗೆ ಓದಿ, ಮುಂದೆ ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ಬೆಸುಗೆ ಕಲಿತು, ಊರಿಗೆ ಮರಳಿ ಬಂದವರು. 1950ರ ಜನವರಿ 8ರಂದು ಧಾರವಾಡದ ಆಕಾಶವಾಣಿ ಕೇಂದ್ರವು ಪ್ರಾರಂಭವಾದ ಮೇಲೆ ಈ ಭಾಗದ ಮನೆಮನೆಯಲ್ಲಿ ರೇಡಿಯೋದ ಹಂಬಲ ಹುಟ್ಟಿತು. ವಿದ್ಯುತ್ತು ಬಾರದ ಹಳ್ಳಿಗಳಲ್ಲಿ ಬ್ಯಾಟರಿಯಿಂದ ನಡೆಯುವ ಸೆಟ್ಟುಗಳು. ಅವುಗಳಲ್ಲಿ ಕೆಲವಕ್ಕೆ ವೈಬ್ರೇಟರ್ ಎಂಬ ನಾಲಗೆಯಿದ್ದು, ಅದು ಗುಂಯ್‌ಗುಡುತ್ತ ಟ್ರಾನ್ಸ್‌ಫಾರ್ಮರಿನ ಈ ಕೊನೆಯನ್ನೊಮ್ಮೆ ಆ ಕೊನೆಯನ್ನೊಮ್ಮೆ ಮುಟ್ಟುತ್ತಿತ್ತು. ಬ್ಯಾಟರಿಯ ತಂತಿಯು ಸುರುಳಿಯ ನಟ್ಟನಡುವಿಗೆ ಸೇರಿರುತ್ತಿತ್ತು. ಸೆಂಟರ್ ಟ್ಯಾಪ್ ಎಂದು ಪುಸ್ತಕಗಳು ಕರೆಯುವ ಈ ನಡುವಿನ ತಂತಿಯ ಪರಿಚಯ ಮಾಸ್ತರರಿಗೆ ಆದದ್ದು ಹೀಗೆ. ಅವರು ಅದನ್ನು ಕೊನೆಯವರೆಗೂ ‘ನಡುವಿನ ತಂತಿ’ ಎಂದೇ ಕರೆದರು. ಪರಿಭಾಷಾ ಸಮಿತಿಗಳು ಕುಳಿತು ಹುಡುಕಿದ್ದರೂ ಇದಕ್ಕಿಂತ ಒಳ್ಳೆಯ ಶಬ್ದ ಸಿಕ್ಕುತ್ತಿರಲಿಲ್ಲ.

ಈ ತಂತಿಯ ಕೆಲಸವನ್ನು ಸ್ವಲ್ಪ ಬಿಡಿಸಿ ಹೇಳುವುದು ಅವಶ್ಯ. ಬೀದಿಯ ಕಂಬದಿಂದ ಬರುವ 230 ವೋಲ್ಟಿನ ವಿದ್ಯುತ್ತು ಸೆಕೆಂಡಿಗೆ 50 ಆವರ್ತ ಹಿಂದೆ ಮುಂದೆ ಹರಿಯುವ ಚಂಚಲ ಸ್ವಭಾವದ್ದು. ವಾಲ್ವುಗಳಿಗೆ ಬೇಕಾದುದು ಒಂದೇ ದಿಕ್ಕಿಗೆ ಹರಿಯುವ, 400 ವೋಲ್ಟಿನ ಆಸುಪಾಸಿನ ಸ್ಥಿರವಾದ ವಿದ್ಯುತ್ತು. ಅದಕ್ಕಾಗಿ ಟ್ರಾನ್ಸ್‌ಫಾರ್ಮರಿನಲ್ಲಿ 650 ವೋಲ್ಟಿನ ಒಂದು ದೊಡ್ಡ ಸುರುಳಿಯನ್ನು ಸುತ್ತಿ, ಅದರ ಸರಿಯಾದ ಮಧ್ಯದಿಂದ ಒಂದು ತಂತಿಯನ್ನು ಹೊರಗೆ ತೆಗೆಯುತ್ತಾರೆ. ಮಧ್ಯದಿಂದ ಅಳೆದರೆ ಎಡಕ್ಕೆ 325, ಬಲಕ್ಕೆ 325. ಆದುದರಿಂದಲೇ ಅದರ ಮೈಮೇಲೆ ‘325-0-325’ ಎಂದು ಬರೆದಿರುತ್ತದೆ. ಎರಡೂ ಕೊನೆಗಳು ರೆಕ್ಟಿಫೈಯರ್ ವಾಲ್ವಿನ ಎರಡು ತಗಡುಗಳಿಗೆ ಹೋಗುತ್ತವೆ. ನಡುವಿನ ತಂತಿಯು ಋಣದ ಕಡೆಗೆ, ಅಂದರೆ ಚಾಸಿಸ್ಸಿಗೆ ಸೇರುತ್ತದೆ. ಎಡದ ಕೊನೆಯು ಧನವಾದಾಗ ಎಡದ ಅರ್ಧ ದುಡಿಯುತ್ತದೆ, ಬಲದ್ದು ವಿಶ್ರಮಿಸುತ್ತದೆ. ಮರುಕ್ಷಣದಲ್ಲಿ ಬಲದ್ದು ದುಡಿಯುತ್ತದೆ, ಎಡದ್ದು ವಿಶ್ರಮಿಸುತ್ತದೆ. ಯಾವ ಅರ್ಧ ದುಡಿದರೂ ವಿದ್ಯುತ್ತು ಮನೆಗೆ ಮರಳುವುದು ಮಾತ್ರ ನಡುವಿನ ತಂತಿಯಿಂದಲೇ. ಹೊಸ್ತಿಲಲ್ಲಿಟ್ಟ ದೀಪವು ಒಳಮನೆಗೂ ಅಂಗಳಕ್ಕೂ ಬೆಳಕು ಕೊಡುವುದನ್ನು ಶಾಸ್ತ್ರಕಾರರು ದೇಹಲೀದೀಪನ್ಯಾಯ ಎನ್ನುತ್ತಾರೆ. ಈ ತಂತಿಗೆ ಆ ನ್ಯಾಯವು ಅಕ್ಷರಶಃ ಸಲ್ಲುತ್ತದೆ. ಅದನ್ನು ಬಿಡಿಸಿದರೆ ವಾಲ್ವುಗಳ ಒಡಲೊಳಗಿನ ತಂತಿ ಕೆಂಪಗೆ ಬೆಳಗುತ್ತಿದ್ದರೂ ಸೆಟ್ಟು ಮೂಕ.

ಗೊಂದಲಕ್ಕೆ ಎಡೆಯಿರುವುದು ಬೇರೊಂದು ಕಡೆ. ಅದೇ ಪೆಟ್ಟಿಗೆಯ ಇನ್ನೊಂದು ಮೂಲೆಯಲ್ಲಿ ಹಾರ್ನುಗಳಿಗೆ ಧ್ವನಿ ಒದಗಿಸುವ ಮತ್ತೊಂದು ಟ್ರಾನ್ಸ್‌ಫಾರ್ಮರ್ ಇದೆ. ಜೋಡಿ ವಾಲ್ವುಗಳು ಸರದಿಯ ಮೇಲೆ ದುಡಿಯುವ ಸೆಟ್ಟುಗಳಲ್ಲಿ ಅದಕ್ಕೂ ಒಂದು ನಡುವಿನ ತಂತಿಯಿರುತ್ತದೆ. ಆದರೆ ಅದು ಸೇರುವುದು ಋಣಕ್ಕಲ್ಲ, 400 ವೋಲ್ಟಿನ ಧನಕ್ಕೆ. ಹೆಸರು ಒಂದೇ, ನಡತೆ ತದ್ವಿರುದ್ಧ. ಅನೇಕಾರ್ಥ ಶಬ್ದಗಳನ್ನು ಪ್ರಕರಣ ನೋಡಿ ಅರ್ಥೈಸಬೇಕೆಂದು ವ್ಯಾಕರಣದ ತರಗತಿಯಲ್ಲಿ ಹೇಳುವ ಪಾಠವೇ ಇಲ್ಲಿಯೂ ನಡೆಯುತ್ತದೆ. ವ್ಯತ್ಯಾಸವಿಷ್ಟೇ, ಇಲ್ಲಿ ತಪ್ಪರ್ಥ ಮಾಡಿದವನು ಅಂಕ ಕಳೆದುಕೊಳ್ಳುವುದಿಲ್ಲ, ಕೆಲವೊಮ್ಮೆ ಜೀವವನ್ನೇ ಕಳೆದುಕೊಳ್ಳುತ್ತಾನೆ. ಸ್ವಿಚ್ಚು ಆರಿಸಿದ ಮೇಲೆಯೂ ಕಂಡೆನ್ಸರುಗಳು ವಿದ್ಯುತ್ತನ್ನು ಒಡಲಲ್ಲಿಟ್ಟುಕೊಂಡೇ ಇರುತ್ತವೆ. ಮಾಸ್ತರರು ಯಾವ ಸೆಟ್ಟಿನ ತಳ ಬಿಚ್ಚಿದರೂ ಮೊದಲು ರೆಸಿಸ್ಟರ್ ಬೆಸೆದ ತಂತಿಯೊಂದರಿಂದ ಆ ವಿದ್ಯುತ್ತನ್ನು ಬರಿದು ಮಾಡಿ, ಮೀಟರಿನಿಂದ ನೋಡಿ, ಎಡಗೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಲಗೈಯೊಂದರಿಂದಲೇ ಕೆಲಸ ಮಾಡುತ್ತಿದ್ದರು. ನೋಡಿದವರು ಅದನ್ನು ಠೀವಿಯೆಂದು ತಿಳಿದಿದ್ದರು.

1970ರಲ್ಲಿ ಅವರ ಅಂಗಡಿಗೆ ರಾಮದುರ್ಗದ ಕಡೆಯ ಒಬ್ಬ ಹುಡುಗ ಸೇರಿದನು. ಪಾಠಶಾಲೆಯ ಒಂಬತ್ತನೆಯ ತರಗತಿಯ ವಿದ್ಯಾರ್ಥಿ, ನೇಕಾರರ ಮನೆಯವನು, ತಂದೆಯಿಲ್ಲ. ಬೆಳಿಗ್ಗೆ ಶಾಲೆ, ಸಂಜೆ ಅಂಗಡಿ. ಮಗ್ಗದ ಎಳೆಗಳ ನಡುವೆ ಬೆಳೆದವನಾದುದರಿಂದ ಬೆರಳು ಬಹಳ ಚುರುಕು. ಓದುವ ಹಸಿವು ಅದಕ್ಕಿಂತ ಹೆಚ್ಚು. ಎರಡು ವರ್ಷಗಳಲ್ಲಿ ಟ್ರಾನ್ಸಿಸ್ಟರ್ ರೇಡಿಯೋಗಳಿಗೆ ಬ್ಯಾಟರಿಯ ಬದಲು ಮನೆಯ ವಿದ್ಯುತ್ತನ್ನು ಒದಗಿಸುವ ಎಲಿಮಿನೇಟರುಗಳನ್ನು ತಾನೇ ಕಟ್ಟತೊಡಗಿದನು. ಅವುಗಳ ಟ್ರಾನ್ಸ್‌ಫಾರ್ಮರಿಗೆ ನಡುವಿನ ತಂತಿಯಿರುವುದಿಲ್ಲ; ನಾಲ್ಕು ಡಯೋಡುಗಳನ್ನು ಚೌಕವಾಗಿ ಜೋಡಿಸಿದರೆ ಕೆಲಸ ಮುಗಿಯಿತು. ಬ್ರಿಜ್ ಎಂದು ಅದರ ಹೆಸರು. ಹುಡುಗನಿಗೆ ಆ ಚೌಕವು ಕಂಠಪಾಠವಾಗಿತ್ತು.

1972ರ ಚೈತ್ರ ಮಾಸದಲ್ಲಿ ಕಿತ್ತೂರಿನ ಬಳಿಯ ಒಂದು ಹಳ್ಳಿಯವರು ಜಾತ್ರೆಯ ರಾತ್ರಿ ‘ಸಂಗ್ಯಾ ಬಾಳ್ಯಾ’ ಸಣ್ಣಾಟ ಆಡಿಸುವುದಕ್ಕಾಗಿ ಪಾಠಶಾಲೆಯ ಸೆಟ್ಟನ್ನು ಬೇಡಿದರು. ಶ್ರೀಮಠದ ಭಕ್ತರು, ಇಲ್ಲವೆನ್ನುವಂತಿರಲಿಲ್ಲ. ಅಂದೇ ಸವದತ್ತಿಯಲ್ಲಿ ಒಂದು ಮದುವೆಯ ಮೈಕಿನ ಕೆಲಸವನ್ನು ಒಪ್ಪಿಕೊಂಡಿದ್ದ ಮಾಸ್ತರರು ಹುಡುಗನನ್ನು ಕಿತ್ತೂರ ಕಡೆಗೆ ಕಳಿಸಿದರು. ನಡುರಾತ್ರಿಯವರೆಗೆ ಆಟವು ಸಾಂಗವಾಗಿ ನಡೆಯಿತು. ಆಮೇಲೆ ಒಮ್ಮೆಲೇ ಹಾರ್ನುಗಳು ಮೌನವಾದವು. ರೆಕ್ಟಿಫೈಯರ್ ವಾಲ್ವು ಸತ್ತಿತ್ತು. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯು 1961ರಿಂದಲೇ ವಾಲ್ವುಗಳನ್ನು ತಯಾರಿಸುತ್ತಿದ್ದರೂ ಹುಬ್ಬಳ್ಳಿಗೋ ಬೆಳಗಾವಿಗೋ ಹೋಗದೆ ಅವು ಸಿಕ್ಕುತ್ತಿರಲಿಲ್ಲ. ನಡುರಾತ್ರಿಯಲ್ಲಂತೂ ಆ ಮಾತೇ ಇಲ್ಲ. ಜನ ಕೂಗತೊಡಗಿದರು. ಹುಡುಗನ ಅಂಗಿಯ ಕಿಸೆಯಲ್ಲಿ ಎಲಿಮಿನೇಟರಿಗೆಂದು ಕೊಂಡಿಟ್ಟ ನಾಲ್ಕು ಬಿ.ವೈ. 127 ಡಯೋಡುಗಳಿದ್ದವು. ಒಲೆಯ ಕೆಂಡದಲ್ಲಿ ಕಾಯಿಸುವ ಬೆಸುಗೆಯ ಕಡ್ಡಿಯೂ ಇದ್ದಿತು. ಗ್ಯಾಸ್‌ಬತ್ತಿಯ ಬೆಳಕಿನಲ್ಲಿ ಅವನು ತನಗೆ ಬರುತ್ತಿದ್ದ ಚೌಕವನ್ನೇ ಕಟ್ಟಿದನು. ಸುರುಳಿಯ ಎರಡು ಕೊನೆಗಳು ಚೌಕಕ್ಕೆ, ಚೌಕದ ಧನ ಕಂಡೆನ್ಸರಿಗೆ, ಋಣ ಚಾಸಿಸ್ಸಿಗೆ. ನಡುವಿನ ತಂತಿಯು ಮೊದಲಿನಂತೆ ಚಾಸಿಸ್ಸಿನಲ್ಲಿಯೇ ಉಳಿಯಿತು.

ಚೌಕ ಕಟ್ಟಿದಾಗ ನಡುವಿನ ತಂತಿಯೂ ಚಾಸಿಸ್ಸಿನಲ್ಲಿದ್ದರೆ, ಪ್ರತಿಯೊಂದು ಅರ್ಧ ಆವರ್ತದಲ್ಲಿಯೂ ಸುರುಳಿಯ ಒಂದು ಅರ್ಧವು ಒಂದೇ ಡಯೋಡಿನ ಮೂಲಕ ತನ್ನ ಬಾಲವನ್ನು ತಾನೇ ಕಚ್ಚಿದ ಹಾವಿನಂತಾಗುತ್ತದೆ. ಒಮ್ಮೆ ಎಡದ ಅರ್ಧ, ಒಮ್ಮೆ ಬಲದ ಅರ್ಧ. ಫ್ಯೂಜು ಸರಿಯಾಗಿದ್ದರೆ ಅದೇ ಬಲಿಯಾಗಿ ಉಳಿದುದನ್ನು ಕಾಯುತ್ತಿತ್ತು. ಆದರೆ ಹಿಂದೆಂದೋ ಯಾರೋ ಪುಣ್ಯಾತ್ಮರು ಫ್ಯೂಜಿನ ಜಾಗದಲ್ಲಿ ದಪ್ಪ ತಾಮ್ರದ ಎಳೆಯನ್ನು ಸುತ್ತಿದ್ದರು. ಮಾಸ್ತರರ ಅಂಗಡಿಯಲ್ಲಿ ರಿಪೇರಿಯಾದ ಯಾವ ಸೆಟ್ಟನ್ನೂ 100 ವ್ಯಾಟಿನ ಸೀರೀಸ್ ಬಲ್ಬಿನ ಮೂಲಕವಲ್ಲದೆ ಹಚ್ಚುವ ಪದ್ಧತಿಯಿರಲಿಲ್ಲ. ಬಲ್ಬು ಪೂರ್ಣ ಉರಿದರೆ ಒಳಗೆ ದೋಷವಿದೆಯೆಂದು ಅರ್ಥ. ಆ ರಾತ್ರಿ ಜನರ ಕೂಗಿನ ನಡುವೆ ಬಲ್ಬಿನ ನೆನಪು ಹುಡುಗನಿಗಾಗಲಿಲ್ಲ. ಟ್ರಾನ್ಸ್‌ಫಾರ್ಮರು ಎಮ್ಮೆಯಂತೆ ನರಳಿತು. ವಾರ್ನಿಷು ಸುಡುವ ವಾಸನೆ ಬಂದಿತು, ಆಮೇಲೆ ಹೊಗೆ.

ಆಟ ನಿಲ್ಲಲಿಲ್ಲವೆಂಬುದನ್ನು ಇಲ್ಲಿ ಹೇಳಲೇಬೇಕು. ಹಿಂದೆ ಕುಳಿತವರು ಎದ್ದು ಮುಂದೆ ಬಂದು, ಅಟ್ಟದ ಬುಡಕ್ಕೇ ಒತ್ತೊತ್ತಾಗಿ ಕುಳಿತರು. ಪೇಟಿಯವನು ಎರಡು ಕಟ್ಟೆ ಏರಿಸಿದನು. ಮೈಕು ಕಾಣದ ಕಾಲದಲ್ಲಿ ಬಯಲಿನಲ್ಲಿ ಹಾಡಿ ಪಳಗಿದ ಹಿರಿಯ ಹಾಡುಗಾರರಿದ್ದರು, ಬೆಳಗಿನವರೆಗೆ ಹಾಡಿದರು. ಕೆಲವರು ಆಟವು ಮೈಕಿಲ್ಲದೆಯೇ ಚೆನ್ನಾಗಿ ಆಯಿತೆಂದರಂತೆ. ಆ ಮಾತನ್ನು ಕೇಳಲು ಹುಡುಗ ಅಲ್ಲಿರಲಿಲ್ಲ. ಸೆಟ್ಟನ್ನು ಗೌಡರ ಮನೆಯ ಪಡಸಾಲೆಯಲ್ಲಿಟ್ಟು, ನಸುಕಿನಲ್ಲಿಯೇ ಕಾಲುನಡಿಗೆಯಿಂದ ಹೊರಟು, ಸಿಕ್ಕ ಗಾಡಿ ಹತ್ತಿ ರಾಮದುರ್ಗಕ್ಕೆ ಹೋಗಿಬಿಟ್ಟಿದ್ದನು. ವಾರ್ಷಿಕ ಪರೀಕ್ಷೆಯ ಕೊನೆಯ ಎರಡು ವಿಷಯಗಳಿಗೂ ಕುಳಿತುಕೊಳ್ಳಲಿಲ್ಲ.

ಆ ವರ್ಷ ಮಳೆ ಕೈಕೊಟ್ಟಿತು. ಕಪ್ಪು ನೆಲ ಬಾಯಿಬಿಟ್ಟಿತು. ಹತ್ತಿ ಬಿತ್ತಿದವರು ಬೀಜವನ್ನೂ ಕಳೆದುಕೊಂಡರು. ಪ್ರಸಾದ ನಿಲಯದ ಕಣಜಕ್ಕೇ ಜೋಳ ಸಾಲದಿರುವಾಗ ಹೊಸ ಮೈಕ್ ಸೆಟ್ಟಿನ ಮಾತನ್ನು ಎತ್ತುವ ಧೈರ್ಯ ಯಾರಿಗೂ ಇರಲಿಲ್ಲ. ಆಡಳಿತ ಮಂಡಳಿಯ ಸಭೆಯಲ್ಲಿ ಸೆಟ್ಟು ಕೊಡಿಸಿದ ದಾನಿಗಳು ನೊಂದು, ಸುಟ್ಟವರು ಯಾರು ಎಂದು ನೇರವಾಗಿ ಕೇಳಿದರು. ಮಾಸ್ತರರು ಎದ್ದು ನಿಂತು, “ನನ್ನ ಅಂಗಡಿ ಕೈಲೆ ಸುಟ್ಟೈತ್ರಿ. ಶ್ರಾವಣದೊಳಗ ನಾನ ಕಟ್ಟಿ ಕೊಡ್ತೀನಿ” ಎಂದರು. ಹುಡುಗನ ಹೆಸರು ಬರಲಿಲ್ಲ. ಪೂಜ್ಯ ಅಜ್ಜನವರು ಮಾತ್ರ ಸಭೆ ಮುಗಿದ ಮೇಲೆ ಮಾಸ್ತರರನ್ನು ತಡೆದು, “ಆ ರಾಮದುರ್ಗದ ಕೂಸು ಊಟಕ್ಕ ಬರವಲ್ದಲ್ಲ, ಎಲ್ಲಿ ಹೋತು?” ಎಂದು ಕೇಳಿದರು. ಪಂಕ್ತಿಯಲ್ಲಿ ಯಾರ ಎಲೆ ಖಾಲಿಯಿದೆಯೆಂಬುದು ಅವರ ಕಣ್ಣಿಗೆ ತಪ್ಪುತ್ತಿರಲಿಲ್ಲ.

ಆಷಾಢದ ಒಂದು ದಿನ ತಾಯಿಯು ಹುಡುಗನ ಕೈಹಿಡಿದು ಅಂಗಡಿಯ ಮುಂದೆ ತಂದು ನಿಲ್ಲಿಸಿದಳು. “ಬೈರಿ, ಹೊಡೀರಿ, ಇಲ್ಲೇ ಇಟ್ಕೊರಿ ಯಣ್ಣಾ” ಎಂದಳು. ಮಾಸ್ತರರು ಬೈಯಲೂ ಇಲ್ಲ, ಹೊಡೆಯಲೂ ಇಲ್ಲ. ಮೂಲೆಯಲ್ಲಿದ್ದ ಸುಟ್ಟ ಟ್ರಾನ್ಸ್‌ಫಾರ್ಮರನ್ನು ಅವನ ಮುಂದಿಟ್ಟು, ಜೊತೆಗೊಂದು ಶಾಲೆಯ ನೋಟುಬುಕ್ಕು ಕೊಟ್ಟು, “ಬಿಚ್ಚು. ಎಣಸು. ಬರಿ” ಎಂದರು.

ಬೇಸಾಯವನ್ನು ಬಲ್ಲವರಿಗೂ ಈ ಕೆಲಸದ ಬೇಸರ ತಿಳಿಯಲಾರದು. ಕಬ್ಬಿಣದ ಹಾಳೆಗಳನ್ನು ಬಾಗದಂತೆ ಒಂದೊಂದಾಗಿ ಎಬ್ಬಿಸಬೇಕು. ಕರಕಾದ ಕಾಗದವನ್ನು ಸುಲಿಯುತ್ತ, ಕೂದಲಿನಂಥ ತಾಮ್ರದ ತಂತಿಯನ್ನು ಸುತ್ತು ಸುತ್ತಾಗಿ ಬಿಚ್ಚುತ್ತ, ನೂರಕ್ಕೊಂದು ಗೀಟು ಹಾಕಬೇಕು. ಎಣಿಕೆ ತಪ್ಪಿದರೆ ಹಿಂದಿನ ಗೀಟೇ ಗತಿ. ಮೊದಲು ಹೊರಗಿನ ಸಣ್ಣ ಸುರುಳಿಗಳು ಬಂದವು: ವಾಲ್ವುಗಳ ಒಡಲು ಕಾಯಿಸುವ 6.3 ವೋಲ್ಟಿನದು 26 ಸುತ್ತು. ಅದರ 13ನೆಯ ಸುತ್ತಿನಲ್ಲಿ ಒಂದು ಕುಣಿಕೆ. ಅಲ್ಲಿಯೂ ಒಂದು ನಡುವು! ಅದನ್ನು ಚಾಸಿಸ್ಸಿಗೆ ಸೇರಿಸದಿದ್ದರೆ ಸೆಟ್ಟು ಗುಂಯ್‌ಗುಡುತ್ತದೆ. ಕುಣಿಕೆಯಿಲ್ಲದ ಟ್ರಾನ್ಸ್‌ಫಾರ್ಮರು ಬಂದಾಗ ಎರಡು ಕೊನೆಗಳಿಂದ ನೂರು ನೂರು ಓಮಿನ ಎರಡು ರೆಸಿಸ್ಟರುಗಳನ್ನು ತಂದು ಕೂಡಿಸಿ, ಅವು ಕೂಡಿದ ಸ್ಥಳವನ್ನೇ ನಡುವೆಂದು ಭಾವಿಸುವ ಉಪಾಯವನ್ನು ಮಾಸ್ತರರು ಅಂದೇ ತೋರಿಸಿದರು. ಬಳಿಕ ದೊಡ್ಡ ಸುರುಳಿ. ಹುಡುಗ ನಾಲ್ಕು ಸಂಜೆ ಎಣಿಸಿದನು.

ಎಣಿಸುವಾಗಲೇ ಅವನಿಗೆ ತನ್ನ ತಪ್ಪಿನ ಸ್ವರೂಪವು ಹೊಳೆಯಿತು. ನಾಲ್ಕು ಡಯೋಡುಗಳನ್ನು ಚೌಕವಾಗಿ ಕಟ್ಟದೆ, ಎಡದ ಕೊನೆಗೆ ಎರಡು, ಬಲದ ಕೊನೆಗೆ ಎರಡು ಸಾಲಾಗಿ ಪೋಣಿಸಿ, ಮುಂದೆ ಎರಡು ಸಾಲುಗಳನ್ನೂ ಕೂಡಿಸಿ ಕಂಡೆನ್ಸರಿಗೆ ಕೊಟ್ಟಿದ್ದರೆ ಸತ್ತ ವಾಲ್ವಿನ ಜಾಗವು ಸರಿಯಾಗಿ ತುಂಬುತ್ತಿತ್ತು. ವಾಲ್ವಿನೊಳಗೆ ಕಳೆದುಹೋಗುತ್ತಿದ್ದ ವೋಲ್ಟೇಜಿಗೆ ಬದಲಾಗಿ ಒಂದು ದಪ್ಪ ರೆಸಿಸ್ಟರ್ ಹಾಕಿದರೆ ಮುಗಿಯಿತು. ಅದೇ ನಾಲ್ಕು ಡಯೋಡು, ಅದೇ ಕಿಸೆ, ಅದೇ ರಾತ್ರಿ. ಹಾಗಾದರೆ ಚೌಕವನ್ನೇ ಇಟ್ಟು ನಡುವಿನ ತಂತಿಯನ್ನು ಬಿಡಿಸಿ ಟೇಪು ಸುತ್ತಿದ್ದರೆ? ಹುಡುಗ ಕೇಳಿದನು. ಟ್ರಾನ್ಸ್‌ಫಾರ್ಮರು ಉಳಿಯುತ್ತಿತ್ತು, ಆದರೆ ಪೂರ್ಣ 650 ವೋಲ್ಟು ಚೌಕವನ್ನು ಹೊಕ್ಕು 900 ವೋಲ್ಟಿನ ಸಮೀಪಕ್ಕೆ ಏರಿ, 500 ವೋಲ್ಟಿನ ಕಂಡೆನ್ಸರುಗಳು ಪಟಾಕಿಯಂತೆ ಸಿಡಿಯುತ್ತಿದ್ದವು. ಇಂಥ ಪ್ರಶ್ನೆ ಕೇಳಿದ್ದಕ್ಕಾಗಿ ಮಾಸ್ತರರು ಅಂದು ಅವನಿಗೆ ಚಹಾ ತರಿಸಿದರು.

ಹುಬ್ಬಳ್ಳಿಯಿಂದ ಹೊಸ ತಂತಿಯನ್ನೂ ಕಾಗದವನ್ನೂ ತಂದು, ಕೈಯಿಂದ ತಿರುಗಿಸುವ ಯಂತ್ರದ ಮೇಲೆ ಗುರುಶಿಷ್ಯರು ಸುರುಳಿ ಸುತ್ತಿದರು. ಮುಗಿದ ಮೇಲೆ ಹುಡುಗ ಮೀಟರ್ ಹಿಡಿದು ಹೌಹಾರಿದನು; ಎರಡು ಅರ್ಧಗಳ ಓಮು ಸಮನಾಗಿರಲಿಲ್ಲ. ಸುತ್ತುಗಳು ಸಮವಾಗಿದ್ದರೂ ಹೊರಗಿನ ಸುತ್ತುಗಳ ಹಾದಿ ಉದ್ದ, ತಂತಿ ಹೆಚ್ಚು ಹಿಡಿಯುತ್ತದೆ. ಆದುದರಿಂದ ಓಮು ತುಸು ಹೆಚ್ಚು. ವೋಲ್ಟೇಜು ಕೇಳುವುದು ಸುತ್ತಿನ ಲೆಕ್ಕವನ್ನೇ ಹೊರತು ಉದ್ದವನ್ನಲ್ಲ.

ಶ್ರಾವಣಕ್ಕೆ ಮೂರು ದಿನ ಉಳಿದಿರುವಾಗ ಸೆಟ್ಟು ಮಾತನಾಡಿತು. ಮಾತಿನ ಹಿಂದೆ ದುಂಬಿಯಂಥ ಒರಟು ಝೇಂಕಾರವೂ ಇತ್ತು. ಮಾಸ್ತರರು ವಾಲ್ವು ಬದಲಿಸಿದರು, ಕಂಡೆನ್ಸರ್ ಬದಲಿಸಿದರು, ಮೈಕಿನ ತಂತಿಯನ್ನೇ ಬದಲಿಸಿದರು. ಹೋಗಲಿಲ್ಲ. ಇದೇ ಸೆಟ್ಟಿನೊಡನೆ ಒಂಬತ್ತು ವರ್ಷ ಬಾಳಿದವರಿಗೆ ಅದು ಅರ್ಥವಾಗಲಿಲ್ಲ. ಗುರುತಿಸಿದವನು ಹುಡುಗ. ಮೈಕಿನ ಗುಂಡಿ ತಿರುಗಿಸಿದಷ್ಟೂ ಝೇಂಕಾರ ಏರುತ್ತದೆ. ಅಂದರೆ ಅದು ಗುಂಡಿಗಿಂತ ಮೊದಲೇ, ಮೈಕಿನ ಬಾಗಿಲಿನಲ್ಲಿಯೇ ಒಳಹೊಗುತ್ತಿದೆ. ಹೊಸ ಟ್ರಾನ್ಸ್‌ಫಾರ್ಮರನ್ನು ಕೂಡಿಸುವಾಗ ತಂತಿಗಳು ಹೊರಡುವ ಬದಿ ತಿರುವಾಗಿತ್ತು; ಮಾಸ್ತರರು ನಡುವಿನ ತಂತಿಯನ್ನು ಸಮೀಪದ ಬೋಲ್ಟಿಗೆ ಬಿಗಿದಿದ್ದರು. ಆ ಬೋಲ್ಟು ಮೈಕಿನ ಸಾಕೆಟ್ಟಿನ ಮಗ್ಗುಲಲ್ಲಿತ್ತು. ಕಂಡೆನ್ಸರನ್ನು ತುಂಬುವ ವಿದ್ಯುತ್ತು ನಡುವಿನ ತಂತಿಯಲ್ಲಿ ಹೊಳೆಯಂತೆ ಹರಿಯುವುದಿಲ್ಲ, ಸೆಕೆಂಡಿಗೆ 100 ಸಲ ಏಟು ಏಟಾಗಿ ಹರಿಯುತ್ತದೆ. ಆ ಏಟುಗಳು ಚಾಸಿಸ್ಸಿನ ತಗಡನ್ನು ಹಾದುಹೋಗುವಾಗ ಮೈಕಿನ ಕೆಲವೇ ಮಿಲಿವೋಲ್ಟುಗಳ ನೆಲವನ್ನು ನಡುಗಿಸುತ್ತಿದ್ದವು. “ಅಣ್ಣಾರ, ನಡುವಿನ ತಂತಿ ಚಾಸಿಸ್ಸಿಗೆ ಯಾಕ ಬೇಕು? ಮೊದಲನೇ ಕಂಡೆನ್ಸರಿನ ಋಣಕ್ಕ ನೆಟ್ಟಗ ಒಯ್ದು ಕೂಡಿಸೂಣು. ಅಲ್ಲಿಂದ ಒಂದ ತಂತಿ ಚಾಸಿಸ್ಸಿಗೆ ಸಾಕು” ಎಂದನು. ಮಾಸ್ತರರು ಒಂದು ಗಳಿಗೆ ಸುಮ್ಮನಿದ್ದು, ಬೆಸುಗೆಯ ಕಡ್ಡಿಯನ್ನು ಅವನ ಕೈಗೆ ಕೊಟ್ಟರು.

ಮೊದಲ ಸೋಮವಾರದ ಸಂಜೆ ಸೆಟ್ಟು ಹಚ್ಚಿದಾಗ ಹಾರ್ನುಗಳಿಂದ ಏನೂ ಕೇಳಿಸಲಿಲ್ಲ. ಕೆಟ್ಟಿದೆಯೆಂದೇ ತಿಳಿದು ದಾನಿಗಳು ಮಾಸ್ತರರ ಕಡೆಗೆ ತಿರುಗಿ ನೋಡಿದರು. ಅಷ್ಟರಲ್ಲಿ ಪ್ರವಚನಕಾರರು ಪುಟ ತಿರುವಿದ ಸದ್ದು ಪೇಟೆಯ ಕೊನೆಯವರೆಗೆ ಕೇಳಿತು. ಬರದ ಆ ಶ್ರಾವಣದಲ್ಲಿ ಪ್ರಸಾದವೆಂದು ಕೊಟ್ಟದ್ದು ಒಂದೊಂದು ಹಿಡಿ ಚುರುಮುರಿ ಮಾತ್ರ. ಆದರೂ ಜನ ಮಂಗಲದವರೆಗೆ ಕುಳಿತರು.

ಹುಡುಗ ಮರುವರ್ಷ ಪರೀಕ್ಷೆಗೆ ಕುಳಿತನು. ಮುಂದೆ ಐ.ಟಿ.ಐ. ಮುಗಿಸಿ ವಿದ್ಯುತ್ ಇಲಾಖೆಯನ್ನು ಸೇರಿ, ರಾಮದುರ್ಗ ಸವದತ್ತಿಗಳ ಸುತ್ತಿನಲ್ಲಿ ಕಂಬ ಹತ್ತಿ ನಿವೃತ್ತನಾದನು. ಭಾರತ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡದಲ್ಲಿಯೂ ಹೊಸ್ತಿಲ ಹುಣ್ಣಿಮೆಗೆ ಗೊಡಚಿಯಲ್ಲಿಯೂ ಜಾತ್ರೆಯ ದೀಪಗಳ ಕೆಲಸವು ಬಹುಕಾಲ ಅವನ ಪಾಲಿಗಿತ್ತು. ಮಾಸ್ತರರು 1994ರಲ್ಲಿ ಲಿಂಗೈಕ್ಯರಾದರು. ಪಾಠಶಾಲೆಯ ಸೆಟ್ಟು ಅದಕ್ಕೂ ಮೊದಲೇ ಟ್ರಾನ್ಸಿಸ್ಟರ್ ಸೆಟ್ಟುಗಳಿಗೆ ಸ್ಥಾನ ಬಿಟ್ಟುಕೊಟ್ಟಿತ್ತು.

ವಾಲ್ವಿನ ಯುಗ ಮುಗಿಯಿತೆಂದು ತಿಳಿದವರಿಗೆ ಸೋಜಿಗವೆನಿಸುವ ಸಂಗತಿಯೊಂದಿದೆ. ಪಾಶ್ಚಾತ್ಯ ಸಂಗೀತದ ಗಿಟಾರ್ ವಾದಕರು ಅದನ್ನು ಬಿಡಲೇ ಇಲ್ಲ. ಅಮೆರಿಕದ ಫೆಂಡರ್ ಅವರ ಬ್ಯಾಸ್‌ಮನ್ ಎಂಬ ಮಾದರಿಯನ್ನು ಅನುಸರಿಸಿ 1960ರ ದಶಕದ ಆರಂಭದಲ್ಲಿ ಲಂಡನ್ನಿನ ಜಿಮ್ ಮಾರ್ಷಲ್ ಅವರ ಅಂಗಡಿಯಲ್ಲಿ ಕಟ್ಟಿದ ಆಂಪ್ಲಿಫೈಯರುಗಳ ವಂಶವು ಇಂದಿಗೂ ಬೆಳೆಯುತ್ತಿದೆ. ಅತಿಯಾಗಿ ದುಡಿಸಿದಾಗ ವಾಲ್ವು ಧ್ವನಿಯನ್ನು ಒಡೆಯುವ ರೀತಿಯೇ ಆ ವಾದಕರಿಗೆ ಇಷ್ಟವಂತೆ. ಪ್ರವಚನಕ್ಕೆ ದೋಷವಾದುದು ಅಲ್ಲಿ ಗುಣ. 2016ರಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರ ಮಗನು ಬೆಂಗಳೂರಿನಿಂದ ಅಂಥದೊಂದು ಮೂಕವಾದ ಪೆಟ್ಟಿಗೆಯನ್ನು ಕಾರಿನಲ್ಲಿ ಹೇರಿಕೊಂಡು ರಾಮದುರ್ಗದವರೆಗೆ ತಂದನು. ನಿವೃತ್ತ ಲೈನ್‌ಮನ್ನರು ಕನ್ನಡಕ ಏರಿಸಿ, ಎಡಗೈ ಬೆನ್ನ ಹಿಂದೆ ಕಟ್ಟಿಕೊಂಡು ಒಳಗೆ ನೋಡಿದರು. ಕೆಂಪಿನ ಮೇಲೆ ಹಳದಿ ಗೀಟಿನ ತಂತಿ: ಅಮೆರಿಕದ ರೂಢಿಯಲ್ಲಿ ದೊಡ್ಡ ಸುರುಳಿಯ ನಡುವಿನ ತಂತಿಗೆ ಅದೇ ಬಣ್ಣ. ಆ ಪೆಟ್ಟಿಗೆಯಲ್ಲಿ ಅದು ಒಂದು ಸ್ವಿಚ್ಚಿನ ಮೂಲಕ ಹಾದುಹೋಗಿತ್ತು. ವಾದಕನು ವಿರಮಿಸುವಾಗ ವಾಲ್ವುಗಳು ಬಿಸಿಯಾಗಿಯೇ ಇದ್ದು ಮೇಲಿನ ವೋಲ್ಟೇಜು ಮಾತ್ರ ನಿಲ್ಲಲೆಂದು ಹಾಗೆ ಮಾಡಿರುತ್ತಾರೆ. ಸ್ವಿಚ್ಚಿನೊಳಗೆ ತುಕ್ಕು ಕೂತಿತ್ತು. ಅರ್ಧ ಗಂಟೆಯ ಕೆಲಸ. ಹಚ್ಚುವ ಮುನ್ನ ಅವರು ಅಡುಗೆಮನೆಯಿಂದ ಬಲ್ಬು ತರಿಸಿದರು, ಮನೆಯಲ್ಲಿದ್ದುದೆಲ್ಲ ಎಲ್.ಇ.ಡಿ. ಸೀರೀಸಿಗೆ ಅದು ನಡೆಯದು. ಕೊನೆಗೆ ದೇವರ ಮನೆಯ ಹಳೆಯ ಕಾಜಿನ ಬಲ್ಬು ಸಿಕ್ಕಿತು.

ಪಾಠಶಾಲೆಯ ವಿಜ್ಞಾನ ಕೊಠಡಿಯ ಕಪಾಟಿನಲ್ಲಿ ಆ ಬೂದುಬಣ್ಣದ ಸೆಟ್ಟು ಇಂದಿಗೂ ಇದೆ. ಅದರ ಮೇಲಿಟ್ಟ ನೋಟುಬುಕ್ಕಿನ ರಟ್ಟು ಹರಿದಿದೆ. ಒಳಗೆ ಐದಾರು ಪುಟಗಳ ತುಂಬ ನೂರರ ಗೀಟುಗಳು, ಕೆಲವು ಕಡೆ ಅಳಿಸಿ ತಿದ್ದಿದ ಗುರುತು. ನಾಲ್ಕನೆಯ ಪುಟದ ಮಧ್ಯದಲ್ಲಿ ‘1364, ನಡು’ ಎಂದು ಬರೆದು ಅಡಿಗೆರೆ ಎಳೆದಿದೆ; ಕೆಳಗಿನ ಸಾಲಿನಲ್ಲಿ ಎಣಿಕೆಯು ಮತ್ತೆ ಒಂದರಿಂದ ಆರಂಭವಾಗುತ್ತದೆ.